ಓಡಲು ಬಾರದ ಕಾಳು

ಗಾಳಿ ಪಡುವಣದಿಂದ ಬೀಸಿದರೆ
ಕಾರ್ಲೈಲ್ ಊರಿಗೆ ಊರೇ ಬಿಸ್ಕತ್ತಿನ ವಾಸನೆ.
ಹದಿನೇಳು ವರ್ಷ ಆ ವಾಸನೆಯೇ ನನ್ನ ಸಂಬಳ:
ಮೂರನೇ ಲೈನು, ರಾತ್ರಿ ಪಾಳಿ,
ತಲೆಗೆ ಬಲೆಟೋಪಿ, ಕೈಗೆ ನೀಲಿ ಗವುಸು.
ಎಷ್ಟು ಸಕ್ಕರೆ ಈ ಕಣ್ಣ ಮುಂದೆ ಹರಿದು ಹೋಯಿತೋ,
ಅದರಲ್ಲಿ ಒಂದಿಷ್ಟು
ದಾರಿ ತಪ್ಪಿ ನನ್ನ ನೆತ್ತರಿಗೆ ಬಂತು.

'ಹದಿಮೂರು ಪಾಯಿಂಟ್ ಮೂರು' ಅಂದಳು ನರ್ಸು ಫಿಯೋನಾ,
ರೈಲು ತಪ್ಪಿದ ಸುದ್ದಿ ಹೇಳುವ ದನಿಯಲ್ಲಿ.
ಗದಗಿನ ಅಕ್ಕನಿಗೆ ಫೋನು ಹಚ್ಚಿದೆ.
'ಬರೇ ಹದಿಮೂರಽ? ನಂದು ಇನ್ನೂರಾ ನಾಲ್ವತ್ತೈತಿ,
ಸುಮ್ನ ಅಂಜಬ್ಯಾಡೋ ತಮ್ಮಾ.'
ಆಮೇಲೆ ಹದಿನೆಂಟರಿಂದ ಗುಣಿಸಿ ನೋಡಿದೆ:
ಅಕ್ಕ ತಮ್ಮ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತಿದ್ದೆವು.
ಅಳತೆಗೋಲು ಬೇರೆ, ಅಷ್ಟೇ.

ಅಂದಿನಿಂದ ಭಾನುವಾರ ಅಂದರೆ ಕಾಳು.
ಶನಿವಾರ ಪಾಳಿಗೆ ಹೊರಡುವ ಮೊದಲು ನೆನೆಹಾಕಿದ್ದು,
ಪ್ರೆಸ್ಟನ್ನಿನ ಅಂಗಡಿಯಿಂದ ತರಿಸಿದ ಹುರುಳಿ ಒಂದು ಬಟ್ಟಲು,
ಕೆಂಪು ರಾಜ್ಮಾ, ಹೆಬ್ಬೆರಳಿನ ಉಗುರಿನಷ್ಟಗಲ ಬಿಳಿ ಕಾಳು.
ಅದರ ಕನ್ನಡದ ಹೆಸರು ತಿಳಿಯದು, ಆನೆಅವರೆ ಅನ್ನುತ್ತೇನೆ.
ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಉಬ್ಬಿವೆ
ಮುನಿದ ಮಕ್ಕಳ ಕೆನ್ನೆಯ ಹಾಗೆ.
ನೀರು ಚೆಲ್ಲಿ ಹೊಸ ನೀರು.
ರಾಜ್ಮಾ ಬೇರೆಯೇ ಪಾತ್ರೆಯಲ್ಲಿ, ಹತ್ತು ನಿಮಿಷ ಕೊತಕೊತ,
ಅದರ ಹೊಟ್ಟೆಯೊಳಗಿನ ಕೇಡು ಸಾಯುವ ತನಕ.
ಆಮೇಲೆ ಸಣ್ಣ ಉರಿ. ಅವಸರದವನ ಬೇಳೆ
ಈ ಒಲೆಯ ಮೇಲೆ ಬೇಯುವುದಿಲ್ಲ.

ಈರುಳ್ಳಿ, ಧಾರಾಳ ಬೆಳ್ಳುಳ್ಳಿ,
ಟರ್ನಿಪ್ಪು, ಚಳಿಗೆ ಸೆಟೆದ ಕೇಲ್ ಸೊಪ್ಪು,
ಒಂದು ಹಿಡಿ ಬಾರ್ಲಿ, ಕೊನೆಗೆ ಗುರೆಳ್ಳು ಪುಡಿ.
ಹುಣಸೆ ಹಿಂಡಿದ ಮೇಲೆ ಮಾತ್ರ
ಕೈ ತಾನಾಗಿ ಮೇಲಿನ ಹಲಗೆಗೆ ಹೋಗುತ್ತದೆ
ಬೆಲ್ಲದ ಡಬ್ಬಿಗೆ.
ಡಬ್ಬಿಯಲ್ಲಿ ಈಗ ಮೊಳೆ, ಸ್ಕ್ರೂ, ಯಾವುದೋ ಬೀಗದ ಕೈ.
ಕೈಗೆ ಇನ್ನೂ ಯಾರೂ ಹೇಳಿಲ್ಲ.

ನನ್ನ ಲೈನಿನ ಕೀತ್‌ಗೂ ಇದೇ ಕಾಯಿಲೆ, ಇನ್ನೂ ಹಳೆಯದು,
ಸೂಜಿಯ ತನಕ ಬಂದದ್ದು.
ಹುರುಳಿ ಚೀಲದ ಇಂಗ್ಲಿಷು ಓದಿ
'ಕುದುರೆ ಕಾಳೇ!' ಎಂದು ಮೊದಲ ದಿನ ಕೆನೆದಿದ್ದ.
ಈಗ ಮೂರು ಗಂಟೆಯ ಬಿಡುವಿಗೆ
ತಾನೇ ಚಮಚ ಹಿಡಿದು ನನ್ನ ಫ್ಲಾಸ್ಕಿನ ಎದುರು ಕೂರುತ್ತಾನೆ.
'ಬ್ರೆಡ್ಡು ಲಿಫ್ಟು ಇದ್ದ ಹಾಗೆ, ಇದು ಮೆಟ್ಟಿಲು,
ಹತ್ತುವಾಗಲೂ ನಿಧಾನ, ಇಳಿಯುವಾಗಲೂ ನಿಧಾನ.'

ಫೆಬ್ರವರಿಯ ಒಂದು ರಾತ್ರಿ ಅವನ ಮೆಟ್ಟಿಲೇ ಕುಸಿಯಿತು.
ಬೆವರು, ನಡುಕ, ನನ್ನ ಗುರುತು ಮರೆತ ಕಣ್ಣು.
ಸೂಜಿ ಚುಚ್ಚಿಕೊಂಡು ಊಟ ಬಿಟ್ಟಿದ್ದನಂತೆ.
ಫ್ಲಾಸ್ಕು ನನ್ನ ಕೈಯಲ್ಲೇ ಇತ್ತು, ಕೆಲಸಕ್ಕೆ ಬಾರದೆ.
ಹೆಸರಲ್ಲಿ ಕುದುರೆ ಇದ್ದರೇನು,
ನನ್ನ ಕಾಳಿಗೆ ಓಡಲು ಬಾರದು.
ಮೂರು ಚಮಚ ಸಕ್ಕರೆ ಕಲಸಿ ನೀರು ಕುಡಿಸಿದೆ,
ಸುಧಾರಿಸಿದ ಮೇಲೆ ಲೈನಿನಿಂದ ಎತ್ತಿಟ್ಟ ಮುರುಕು ಬಿಸ್ಕತ್ತು.
ಕಾಲು ಗಂಟೆಗೆ ಅವನು ಅವನಾದ. 'ಮಹಾಂತ್' ಎಂದ.
ಹದಿನೇಳು ವರ್ಷದ ವೈರಿಗೆ
ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಇವತ್ತು ಮತ್ತೆ ಭಾನುವಾರ. ಕಿಟಕಿಯ ಗಾಜು ಬೆವರಿದೆ.
ಒಂದು ಕಾಳು ಎತ್ತಿ ಎರಡು ಬೆರಳ ನಡುವೆ ಹಿಸುಕಿದೆ.
ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳಿಗೆ
ಬಿಸಿ ಅಷ್ಟಾಗಿ ತಿಳಿಯುವುದಿಲ್ಲ, ಹದ ತಿಳಿಯುತ್ತದೆ:
ನಟ್ಟನಡುವೆ ಇನ್ನೊಂದು ಎಳೆ ಗಟ್ಟಿ.
ಮುಚ್ಚಳ ಮುಚ್ಚಿದೆ.

ಬೆಳಗಿನ ಲೆಕ್ಕ ಏಳು ಪಾಯಿಂಟ್ ಎರಡು.
ಅಕ್ಕನ ಭಾಷೆಗೆ ತಂದು ಫೋನಿನಲ್ಲಿ ಹೇಳಿದೆ: ನೂರಾ ಮೂವತ್ತು.
ಕೀತ್‌ನ ಕತೆ ಹೇಳಿದೆ, ಕುದುರೆಯ ಮಾತು ಹೇಳಿದೆ,
ಕುಕ್ಕರು ಬೇಡವೆಂದು ಎರಡು ತಾಸು ಕಾದದ್ದನ್ನೂ.
ಎಲ್ಲ ಕೇಳಿಸಿಕೊಂಡು ಅವಳು ಒಂದೇ ಕೇಳಿದಳು,
'ಉಪ್ಪು ನೋಡೀಯೇನು?'

ನೋಡಿರಲಿಲ್ಲ.